ತಿಲಕವಾಡಿಯ ಅಂಗಡಿಯವರ ರಿಸೀವರ್ ಸೆಟ್ಟಿಂಗ್: ಕೊಟ್ಟ ದುಡ್ಡಿಗೆ ಮೋಸವಿಲ್ಲ

ಹೋಮ್ ಥಿಯೇಟರ್ ಕೊಳ್ಳುವವರಿಗೆ ನನ್ನದೊಂದು ಮಾತು. ಸ್ಪೀಕರ್‌ಗೆ ಇಟ್ಟ ದುಡ್ಡಲ್ಲಿ ಸ್ವಲ್ಪ ಉಳಿಸಿ, ರಿಸೀವರ್ ಸೆಟ್ಟಿಂಗನ್ನು ಗೊತ್ತಿದ್ದವರ ಕೈಲಿ ಮಾಡಿಸಿ. ರಿಸೀವರ್ ಅಂದರೆ ಎಲ್ಲ ಸ್ಪೀಕರ್‌ಗಳನ್ನೂ ಓಡಿಸುವ ಪೆಟ್ಟಿಗೆ, ಆಂಪ್ಲಿಫೈಯರ್ ಅದರೊಳಗೇ ಇರುತ್ತದೆ. ಬೆಳಗಾವಿ ತಿಲಕವಾಡಿಯ ಒಂದು ಚಿಕ್ಕ ಆಡಿಯೋ ಅಂಗಡಿಯವರು ಮನೆಗೇ ಬಂದು ಈ ಕೆಲಸ ಮಾಡಿಕೊಡುತ್ತಾರೆ. ಶಹಾಪುರದ ನಮ್ಮ ಮನೆಗೂ ಕರೆಸಿದ್ದೆ. ಒಂದೂವರೆ ಸಾವಿರ ತಗೊಂಡರು.

ನಮ್ಮದು ಡೆನಾನ್ ಎಕ್ಸ್1700ಎಚ್ ರಿಸೀವರ್. ಮುಂದೆ ಎರಡು ಟವರ್, ನಡುವೆ ಸೆಂಟರ್, ಹಿಂದೆ ಎರಡು ಚಿಕ್ಕವು, ಮೂಲೆಯಲ್ಲಿ ಬೇಸ್‌ಗೆಂದೇ ಇರುವ ಸಬ್‌ವೂಫರ್. ಬಂದ ಹುಡುಗ ಮೊದಲು ರಿಮೋಟ್ ಮುಟ್ಟಲೇ ಇಲ್ಲ. ಗಾಜಿನ ಬಾಗಿಲಿನ ಶೋಕೇಸ್‌ನಿಂದ ರಿಸೀವರ್ ಹೊರಗೆ ತೆಗೆಸಿದ, ಅದಕ್ಕೆ ಗಾಳಿ ಬೇಕು ಅಂತ. ಆಮೇಲೆ ಟಾರ್ಚ್ ಹಿಡಿದು ಹಿಂದಿನ ವೈರ್‌ಗಳನ್ನು ಒಂದೊಂದಾಗಿ ನೋಡಿದ. ತಾಮ್ರದ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್ ಆಗುತ್ತದೆ, ಅಲ್ವಾ.

ನಂತರ ಮೈಕ್ ಇಟ್ಟು ಆಡಿಸ್ಸಿ ಅಳತೆ, ಅಂದರೆ ರಿಸೀವರ್ ತಾನೇ ಸ್ಪೀಕರ್‌ಗಳ ದನಿ ಅಳೆದು ಕೋಣೆಗೆ ಹೊಂದಿಸಿಕೊಳ್ಳುವುದು. ಸೋಫಾ ಸುತ್ತ 8 ಜಾಗದಲ್ಲಿ ಮಾಡಿದ. ಫ್ಯಾನ್ ಬಂದ್, ಫ್ರಿಜ್ ಬಂದ್, ಅತ್ತೆಯವರ ಕುಕ್ಕರ್ ಕೂಡ ಬಂದ್.

ಇಷ್ಟಕ್ಕೇ ಕೆಲಸ ಮುಗಿಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅಸಲಿ ಕೆಲಸ ಶುರುವಾಗುವುದೇ ಆಮೇಲೆ. ಯಾವ ಕಂಪನಿಯ ರಿಸೀವರ್ ಆದರೂ ಟವರ್ ಸ್ಪೀಕರ್ ಕಂಡರೆ ಎಷ್ಟೋ ಸಲ 'ಲಾರ್ಜ್' ಅಂತ ಗುರುತು ಹಾಕುತ್ತದೆ. ಅಂದರೆ ಗುಡುಗಿನಂಥ ಕೆಳಗಿನ ದನಿಯೂ ಅದಕ್ಕೇ ಹೋಗುತ್ತದೆ. ಹುಡುಗ ಎಲ್ಲವನ್ನೂ 'ಸ್ಮಾಲ್' ಮಾಡಿ, ಕ್ರಾಸೋವರ್, ಅಂದರೆ ಸ್ಪೀಕರ್‌ಗೂ ಸಬ್‌ವೂಫರ್‌ಗೂ ದನಿ ಹಂಚುವ ಗಡಿ, 80 ಹರ್ಟ್ಸ್‌ಗೆ ಇಟ್ಟ. ಹಿಂದಿನ ಚಿಕ್ಕವಕ್ಕೆ 120. ಈ 80 ಸಿನಿಮಾ ದನಿಯ ಗುಣಮಟ್ಟಕ್ಕೆ ಮುದ್ರೆ ಒತ್ತುವ ಟಿಎಚ್‌ಎಕ್ಸ್‌ನವರೂ ಹೇಳುವ ಲೆಕ್ಕ. ಅದಕ್ಕಿಂತ ಕೆಳಗಿನದ್ದೆಲ್ಲ ಸಬ್‌ವೂಫರ್ ಪಾಲು. ಬೇಸ್‌ಗೇ ಕರೆಂಟ್ ಜಾಸ್ತಿ ಬೇಕು, ಸ್ಪೀಕರಿನ ಕೋನ್ ಜಾಸ್ತಿ ಓಡಾಡುವುದೂ ಆಗಲೇ. ಆ ಹೊರೆ ಇಳಿದರೆ ಟವರ್‌ಗೂ ಆರಾಮ, ರಿಸೀವರ್‌ಗೂ ಆರಾಮ. ನಮ್ಮ ಮನೆಯಲ್ಲಿ ಮಾತುಗಳು ಎಷ್ಟು ಬಿಡಿಸಿ ಕೇಳಿಸತೊಡಗಿದವು ಅಂದರೆ, ಅತ್ತೆಯವರೇ ಬಾಯಿಬಿಟ್ಟು ಹೇಳಿದರು.

ವಾಲ್ಯೂಮ್ ಬಗ್ಗೆ ಅವನು ಹೇಳಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. "ಅಕ್ಕಾರ, ಆಂಪ್ಲಿಫೈಯರ್ ಸಣ್ಣದೈತಿ, ಸ್ಪೀಕರ್‌ಗೆ ಏನೂ ಆಗಂಗಿಲ್ಲ ಅನ್ನಬ್ಯಾಡ್ರಿ. ಅದು ಏದುಸಿರು ಬಿಟ್ಟಾಗನ ಟ್ವೀಟರ್ ಸುಡೂದು." ಮಾತು ನಿಜ. ಶಕ್ತಿ ಮೀರಿ ಕೂಗಿಸಿದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ, ಅದನ್ನೇ ಕ್ಲಿಪ್ಪಿಂಗ್ ಅನ್ನುವುದು. ಅದರಿಂದ ಹುಟ್ಟುವ ಕರ್ಕಶ ದನಿ ಸೀದಾ ಟ್ವೀಟರ್‌ಗೆ, ಅಂದರೆ ಸ್ಪೀಕರಿನಲ್ಲಿ ಕೀಚು ದನಿ ನುಡಿಸುವ ಚಿಕ್ಕ ಭಾಗಕ್ಕೆ, ಹೋಗಿ, ಅದರ ಕೂದಲಿನಷ್ಟು ಸಣ್ಣ ತಂತಿಯನ್ನು ಕಾಯಿಸುತ್ತದೆ. 3 ಡೆಸಿಬಲ್ ಏರಿಸಿದರೆ ವ್ಯಾಟ್ ದುಪ್ಪಟ್ಟು ಬೇಕು, 10 ಏರಿಸಿದರೆ ಹತ್ತು ಪಟ್ಟು. ಡಬ್ಬಿಯ ಮೇಲಿನ 80 ವ್ಯಾಟ್ ಎರಡು ಚಾನೆಲ್ ಮಾತ್ರ ಓಡುವಾಗಿನ ಲೆಕ್ಕ. ಹಾಗಾಗಿ ವಾಲ್ಯೂಮ್ ಲಿಮಿಟ್ 70ಕ್ಕೆ ಕಟ್ಟಿದ. ನಮ್ಮ ಮಕ್ಕಳು ಎಷ್ಟೇ ಒತ್ತಿದರೂ ಅದರ ಮೇಲೆ ಏರುವುದಿಲ್ಲ. ಆನ್ ಮಾಡಿದಾಗ ಎಷ್ಟು ವಾಲ್ಯೂಮ್ ಇರಬೇಕು ಅನ್ನುವುದನ್ನೂ 35ಕ್ಕೆ ಇಟ್ಟ. ಮಕ್ಕಳಿರುವ ಮನೆಗೆ ಈ ಎರಡು ಸೆಟ್ಟಿಂಗ್ ಬೇಕೇ ಬೇಕು.

ಕೊರತೆಯೂ ಇದೆ. ಹನ್ನೊಂದಕ್ಕೆ ಬರುತ್ತೇನೆ ಅಂದವರು ಮಧ್ಯಾಹ್ನ ಊಟದ ಹೊತ್ತಿಗೆ ಬಂದರು. ಮಾಡಿದ ಸೆಟ್ಟಿಂಗ್ ಬರೆದು ಕೊಡಲಿಲ್ಲ. ಇದು ದೊಡ್ಡ ಕೊರತೆ ಅಂತಲೇ ನಾನು ಹೇಳುತ್ತೇನೆ. ಯಾಕೆಂದರೆ ಸೋಫಾ ಜಾಗ ಬದಲಿಸಿ ಮತ್ತೆ ಮೈಕ್ ಅಳತೆ ಮಾಡಿದರೆ 'ಸ್ಮಾಲ್' ಇದ್ದದ್ದು ತಿರುಗಿ 'ಲಾರ್ಜ್' ಆಗಬಹುದು. ನೀವು ಕರೆಸಿದರೆ ಪ್ರತಿ ಸೆಟ್ಟಿಂಗ್ ಪುಟದ ಫೋಟೋ ಮೊಬೈಲಲ್ಲಿ ತೆಗೆದಿಟ್ಟುಕೊಳ್ಳಿ. ಭಾನುವಾರ ಮಾತ್ರ ಕೇಳಬೇಡಿ, ಅವತ್ತು ಅವರು ಸಿಗುವುದಿಲ್ಲ.