ಎನ್‌ಕೋಡರ್ ವೇಗ ಅಳೆಯಲು ಈ ಯುಎಸ್‌ಬಿ ಡಾಕ್: ಕೌಂಟರ್ ಗಟ್ಟಿ, ವೈರಿಂಗ್ ಮಾತ್ರ ನೀವೇ ನೋಡ್ಕೋಬೇಕು

ಪೀಣ್ಯದ ನಮ್ಮ ವರ್ಕ್‌ಶಾಪಿನಲ್ಲಿ ಮೋಟರ್ ಟೆಸ್ಟ್ ಬೆಂಚಿಗೆ ಈ ಡಾಕ್ (DAQ, ಅಂದ್ರೆ ಸಿಗ್ನಲ್‌ಗಳನ್ನು ಅಳೆದು ಕಂಪ್ಯೂಟರಿಗೆ ಕೊಡೋ ಡೇಟಾ ಅಕ್ವಿಸಿಷನ್ ಪೆಟ್ಟಿಗೆ) ಹಾಕಿ ಕೆಲವು ವರ್ಷಗಳಾದವು. ಶಾಫ್ಟಿಗೆ ಕೂರಿಸಿದ, ಸುತ್ತಿಗೆ 1024 ವಿದ್ಯುತ್ ಪಲ್ಸ್ ಕೊಡೋ ಎನ್‌ಕೋಡರಿನಿಂದ ವೇಗ ಅಳೆಯೋದು, ಜೊತೆಗೆ ಟಾರ್ಕ್ (ತಿರುಗಿಸುವ ಬಲ) ಸಿಗ್ನಲ್ ದಾಖಲಿಸೋದು, ಇಷ್ಟೇ ಇದರ ಕೆಲಸ. ಅನಲಾಗ್ ಭಾಗದ ಬಗ್ಗೆ ಹೇಳೋಕೆ ಜಾಸ್ತಿ ಏನೂ ಇಲ್ಲ, ಚೆನ್ನಾಗಿದೆ. ವೇಗದ ಬಗ್ಗೆ ಮಾತ್ರ ವಿವರವಾಗಿ ಬರೆಯಬೇಕು ಅನ್ನಿಸಿತು. ಯಾಕಂದ್ರೆ ಇಂಥ ಡಾಕ್ ಕೊಂಡವರಿಂದ ಹೆಚ್ಚಾಗಿ ಕೇಳಿಬರೋ ದೂರು ಒಂದೇ: "ರೀಡಿಂಗ್ ನಿಲ್ಲೋದೇ ಇಲ್ಲ, ಕುಣೀತಾ ಇರುತ್ತೆ." ನಮ್ಮ ಬೆಂಚಿನಲ್ಲೂ ರೀಡಿಂಗ್ ಕುಣಿದಿದೆ. ಹುಡುಕಿದಾಗ ಒಂದು ಸಲವೂ ಡಾಕ್ ಒಳಗೆ ಪಲ್ಸ್ ಎಣಿಸುವ ಕೌಂಟರಿನ ತಪ್ಪು ಸಿಕ್ಕಿಲ್ಲ.

ಮೊದಲು ಲೆಕ್ಕ ನೋಡಿ. 1500 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 25 ಸುತ್ತು, 25,600 ಪಲ್ಸ್. 10 ಮಿಲಿಸೆಕೆಂಡಿಗೊಮ್ಮೆ ಎಣಿಸಿದರೆ 256 ಪಲ್ಸ್ ಸಿಗುತ್ತವೆ. ಒಂದು ಪಲ್ಸ್ ಹೆಚ್ಚುಕಮ್ಮಿ ಆದರೆ ಸುಮಾರು 6 ಆರ್‌ಪಿಎಂ ವ್ಯತ್ಯಾಸ. ಅದೇ ಮೋಟರನ್ನು 30 ಆರ್‌ಪಿಎಂಗೆ ಇಳಿಸಿ. ಆ 10 ಮಿಲಿಸೆಕೆಂಡಿನಲ್ಲಿ ಬರೋದು ಐದೇ ಪಲ್ಸ್, ಆಗೊಮ್ಮೆ ಈಗೊಮ್ಮೆ ಆರು. ಸ್ಕ್ರೀನ್ ಮೇಲೆ 29.3, ಮತ್ತೆ 29.3, ಇದ್ದಕ್ಕಿದ್ದಂತೆ 35.2. ಶಾಫ್ಟ್ ಸಮನಾಗಿಯೇ ತಿರುಗುತ್ತಿರುತ್ತದೆ. ಫಿಲ್ಟರ್ ಹಾಕಿ, ಕೇಬಲ್ ಬದಲಾಯಿಸಿ, ಇದು ಹೋಗಲ್ಲ.

ಇಂಥ ಕಡಿಮೆ ವೇಗಕ್ಕೆ ಎರಡು ಪಲ್ಸ್ ನಡುವಿನ ಸಮಯ ಅಳೆಯೋ ವಿಧಾನವೇ ಸರಿ. ಈ ಡಾಕ್‌ನ ಒಳಗಡಿಯಾರ 80 ಮೆಗಾಹರ್ಟ್ಜ್. 30 ಆರ್‌ಪಿಎಂನಲ್ಲಿ ಒಂದು ಪಲ್ಸಿನಿಂದ ಇನ್ನೊಂದಕ್ಕೆ 1,56,250 ಟಿಕ್ ಸಿಗುತ್ತವೆ, ಒಂದು ಟಿಕ್ ತಪ್ಪಿದರೂ ಲೆಕ್ಕಕ್ಕಿಲ್ಲ. 1500ರಲ್ಲಿ 3,125 ಟಿಕ್, ಅಲ್ಲೂ ತಪ್ಪು ಅರ್ಧ ಆರ್‌ಪಿಎಂ ಒಳಗೇ. ಆದರೆ ವೇಗ ಹೆಚ್ಚಾದಾಗ ಎನ್‌ಕೋಡರ್ ಡಿಸ್ಕಿನ ಗೆರೆಗಳ ಸಣ್ಣ ಅಸಮತೆ, ಕಪ್ಲಿಂಗ್ ಓರೆ ಎಲ್ಲವೂ ಒಂದೊಂದು ಪಲ್ಸಿನಲ್ಲೂ ಕಾಣಿಸುತ್ತವೆ. ಹಾಗಾಗಿ ಒಂದು ಪೂರ್ತಿ ಸುತ್ತಿನ ಸರಾಸರಿ ತಗೊಳ್ಳಿ. ಮೋಟರ್ ನಿಂತಾಗ ಪಲ್ಸೇ ಬರೋದಿಲ್ಲ ಅನ್ನೋದೂ ನೆನಪಿರಲಿ. ಇಷ್ಟು ಹೊತ್ತು ಪಲ್ಸ್ ಬರದಿದ್ದರೆ ಸೊನ್ನೆ ಅಂತ ಪ್ರೋಗ್ರಾಮಿನಲ್ಲಿ ಬರೆಯದಿದ್ದರೆ ಕೊನೆಯ ವೇಗವೇ ಸ್ಕ್ರೀನ್ ಮೇಲೆ ಹಾಗೇ ಉಳಿಯುತ್ತದೆ. ತಿರುಗುವ ಶಾಫ್ಟಿನ ಹತ್ತಿರ ಕೆಲಸ ಮಾಡುವವರಿಗೆ ಇದು ಸುಮ್ನೆ ಬಿಡೋ ವಿಷಯ ಅಲ್ಲ.

ವಿಂಡೋಸ್ ಲೂಪಿನಲ್ಲಿ 10 ಮಿಲಿಸೆಕೆಂಡ್ ಕಾದು ಕೌಂಟರ್ ಓದುವ ಪ್ರೋಗ್ರಾಂ ತುಂಬಾ ಕಡೆ ನೋಡಿದ್ದೇನೆ. ಆ 10 ಯಾವಾಗ 12 ಆಗುತ್ತದೆ, ಯಾವಾಗ 15 ಆಗುತ್ತದೆ ಹೇಳೋಕಾಗಲ್ಲ. 15 ಆದರೆ ಎಣಿಕೆ ಒಂದೂವರೆ ಪಟ್ಟು, ವೇಗವೂ ಒಂದೂವರೆ ಪಟ್ಟು! ಓದುವ ಸಮಯವನ್ನು ಹಾರ್ಡ್‌ವೇರ್ ಕ್ಲಾಕ್ ತೀರ್ಮಾನಿಸಬೇಕು. ಇಲ್ಲಿ ನನ್ನ ಮೊದಲ ತಕರಾರು ಇದೆ. ಈ ಡಾಕ್‌ನ ಕೌಂಟರಿಗೆ ಯಾವಾಗ ಓದಬೇಕು ಅಂತ ಹೇಳೋ ಸ್ವಂತ ಸ್ಯಾಂಪಲ್ ಕ್ಲಾಕ್ ಇಲ್ಲ. ಅನಲಾಗ್ ಭಾಗದ ಕ್ಲಾಕನ್ನು ಅದಕ್ಕೂ ಕೊಡಬೇಕು. ಹಾಗೆ ಕೊಟ್ಟರೆ ಟಾರ್ಕ್ ಮತ್ತು ವೇಗ ಒಂದೇ ಕ್ಷಣದಲ್ಲಿ ದಾಖಲಾಗುತ್ತವೆ, ಅದು ದೊಡ್ಡ ಅನುಕೂಲವೇ. ಆದರೆ ಮ್ಯಾನುಯಲ್‌ನಲ್ಲಿ ಈ ಮಾತನ್ನು ಯಾವುದೋ ಮೂಲೆಯಲ್ಲಿ ಇಟ್ಟಿದ್ದಾರೆ. ಹೊಸಬರಿಗೆ ಮೊದಲ ಪುಟದಲ್ಲೇ ಸಿಗಬೇಕಿತ್ತು.

ಇನ್ನು ವಿಎಫ್‌ಡಿ, ಅಂದ್ರೆ ಮೋಟರ್ ವೇಗ ಹೆಚ್ಚುಕಮ್ಮಿ ಮಾಡೋ ಡ್ರೈವಿನ ಗಲಾಟೆ. ಡ್ರೈವ್ ಆನ್ ಆದ ತಕ್ಷಣ ಕೇಬಲ್‌ನಲ್ಲಿ ಸುಳ್ಳು ಪಲ್ಸ್‌ಗಳು ಸೇರಿಕೊಳ್ಳುತ್ತವೆ. ಅನುಮಾನ ಬಂದರೆ ನಾನು ಹೀಗೆ ನೋಡುತ್ತೇನೆ: ಮೋಟರನ್ನು 1500ಕ್ಕೆ ತಂದು, ಡ್ರೈವಿನ ಔಟ್‌ಪುಟ್ ಕಡಿದು, ಶಾಫ್ಟ್ ತಾನಾಗಿ ನಿಲ್ಲೋಕೆ ಬಿಡೋದು. ಅಲ್ಲಿವರೆಗೆ ಮುಳ್ಳುಮುಳ್ಳಾಗಿದ್ದ ಗ್ರಾಫ್ ಆ ಕ್ಷಣದಿಂದ ನಯವಾಗಿ ಇಳಿದರೆ ಕಾರಣ ಸಿಕ್ಕಿತು ಅಂತಲೇ. ಖಾತ್ರಿಗೆ ಝಡ್ ಪಲ್ಸ್ ಬಳಸಿ. ಅದು ಸುತ್ತಿಗೆ ಒಂದೇ ಸಲ ಬರುತ್ತದೆ. ಎರಡು ಝಡ್ ನಡುವೆ ಎನ್‌ಕೋಡರಿನ ಮುಖ್ಯ ಪಲ್ಸ್ ಬರುವ ಎ ಚಾನೆಲ್‌ನಲ್ಲಿ ಸರಿಯಾಗಿ 1024 ಇರಬೇಕು, ವೇಗ ಎಷ್ಟೇ ಇರಲಿ. 1030 ಬಂದರೆ ಗದ್ದಲ ಒಳಗೆ ಬಂದಿದೆ. 1019 ಬಂದರೆ ಪಲ್ಸ್ ಕಳೆದುಹೋಗುತ್ತಿವೆ, ವೋಲ್ಟೇಜ್ ನೋಡಿ.

ಎನ್‌ಕೋಡರ್ ಕೇಬಲ್‌ನ ಶೀಲ್ಡನ್ನು ಒಂದೇ ಕಡೆ ಅರ್ಥ್ ಮಾಡಿ, ಮೋಟರ್ ಕೇಬಲ್‌ನಿಂದ ದೂರ ಎಳೆದ ಮೇಲೂ ಉಳಿದ ಗದ್ದಲಕ್ಕೆ ಡಾಕ್‌ನ ಡಿಜಿಟಲ್ ಫಿಲ್ಟರ್ ಇದೆ; ಆರಿಸಿದ ಸಮಯಕ್ಕಿಂತ ಚಿಕ್ಕ ಪಲ್ಸನ್ನು ಅದು ಒಳಗೆ ಬಿಡಲ್ಲ. 125 ನ್ಯಾನೊಸೆಕೆಂಡ್, 6.425 ಮೈಕ್ರೊಸೆಕೆಂಡ್, 2.56 ಮಿಲಿಸೆಕೆಂಡ್, ಮೂರೇ ಆಯ್ಕೆ. ನಮ್ಮ 1500 ಆರ್‌ಪಿಎಂನಲ್ಲಿ ಅರ್ಧ ಪಲ್ಸ್ 19.5 ಮೈಕ್ರೊಸೆಕೆಂಡ್, ಆದ್ದರಿಂದ ನಡುವಿನದು ಹೊಂದುತ್ತದೆ. ಮೂರನೆಯದನ್ನು ಹಾಕಿದರೆ ನಿಜವಾದ ಪಲ್ಸ್ ಕೂಡ ಒಂದೂ ಒಳಗೆ ಬರಲ್ಲ. ಎ, ಅದಕ್ಕಿಂತ ಕಾಲು ಪಲ್ಸ್ ಹಿಂದೆಮುಂದೆ ಬರುವ ಬಿ, ಎರಡನ್ನೂ ಕೊಟ್ಟು ಎಕ್ಸ್4 ಕ್ರಮದಲ್ಲಿ (ಎರಡರ ಏರಿಳಿತವನ್ನೂ ಲೆಕ್ಕ ಹಿಡಿದು ಪಲ್ಸಿಗೆ ನಾಲ್ಕು) ಎಣಿಸೋದು ಇನ್ನೂ ಒಳ್ಳೆಯದು. ಒಂದೇ ಚಾನೆಲ್ ಮೇಲೆ ಬಂದ ಸುಳ್ಳು ಪಲ್ಸ್ ಒಂದು ಕೂಡಿ ಒಂದು ಕಳೆದು ತಾನೇ ಸೊನ್ನೆ ಆಗುತ್ತದೆ. ನಿಂತ ಶಾಫ್ಟ್ ನಡುಗಿದಾಗಲೂ ಹಾಗೆಯೇ.

ಎಕ್ಸ್4ನಲ್ಲಿ ರಾತ್ರಿಯಿಡೀ ಓಡಿಸುವವರಿಗೆ ಒಂದು ಮಾತು. 1500ರಲ್ಲಿ ಸೆಕೆಂಡಿಗೆ 1,02,400 ಎಣಿಕೆ. 32 ಬಿಟ್ ಕೌಂಟರ್ 11 ಗಂಟೆ 39 ನಿಮಿಷಕ್ಕೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಸಂಜೆ 7ಕ್ಕೆ ಹಚ್ಚಿದ ರನ್‌ನಲ್ಲಿ ಬೆಳಗ್ಗೆ 6:39ಕ್ಕೆ ವೇಗದ ಗ್ರಾಫಿನಲ್ಲಿ ಭಯಂಕರವಾದ ಒಂದು ಗೆರೆ ಬರುತ್ತದೆ, ಒಂದೇ ಒಂದು. ಎರಡು ಎಣಿಕೆಗಳನ್ನು ದಶಾಂಶಕ್ಕೆ ಬದಲಿಸುವ ಮೊದಲು, ಚಿಹ್ನೆ ಇಲ್ಲದ 32 ಬಿಟ್ ಸಂಖ್ಯೆಯಾಗಿಯೇ ಕಳೆದರೆ ಆ ಗೆರೆ ಬರೋದಿಲ್ಲ.

ನನ್ನ ದೊಡ್ಡ ಬೇಸರ ಇನ್‌ಪುಟ್ ಬಗ್ಗೆ. ಇದು 5 ವೋಲ್ಟ್ ಟಿಟಿಎಲ್ (5 ವೋಲ್ಟಿನೊಳಗಿನ ಡಿಜಿಟಲ್ ಸಿಗ್ನಲ್) ಮಾತ್ರ. ಕಾರ್ಖಾನೆಗಳಲ್ಲಿ 24 ವೋಲ್ಟ್ ಎನ್‌ಕೋಡರ್ ಎಷ್ಟು ಸಾಮಾನ್ಯ ಅಲ್ವಾ? ಅದನ್ನು ನೇರ ಕೊಟ್ಟರೆ ಪಿನ್ ಸುಡುತ್ತದೆ. ಓಪನ್ ಕಲೆಕ್ಟರ್ (ಸಿಗ್ನಲನ್ನು ಕೆಳಗೆ ಮಾತ್ರ ಎಳೆಯುವ ಔಟ್‌ಪುಟ್) ಇದ್ದರೆ ಅದನ್ನು 5 ವೋಲ್ಟಿಗೆ ಏರಿಸೋಕೆ ಪುಲ್‌ಅಪ್ ರೆಸಿಸ್ಟರ್ ಬೇಕು. ಪ್ರತಿ ಸಿಗ್ನಲನ್ನೂ ಜೋಡಿ ತಂತಿಯಲ್ಲಿ ಕಳಿಸುವ ಲೈನ್ ಡ್ರೈವರ್ ಎನ್‌ಕೋಡರಿಗೆ ನಾವು ಎಎಂ26ಎಲ್‌ಎಸ್32 ರಿಸೀವರ್ ಚಿಪ್ ಇರುವ ಸಣ್ಣ ಬೋರ್ಡನ್ನು ನಡುವೆ ಇಟ್ಟಿದ್ದೇವೆ. ಆಮೇಲೆ ಉದ್ದ ಕೇಬಲ್‌ನಲ್ಲೂ 1024 ಅಂದ್ರೆ 1024. ಇಷ್ಟು ಬೆಲೆಯ ಡಾಕ್‌ನಲ್ಲಿ ಆ ಚಿಪ್ ಒಳಗೇ ಇರಬೇಕಿತ್ತು. ಯುಎಸ್‌ಬಿ ಪ್ಲಗ್‌ಗೂ ಲಾಕ್ ಇಲ್ಲ. ಬೆಂಚ್ ಅದುರಿದರೆ ಸಡಿಲ ಆಗುತ್ತದೆ, ಕೇಬಲ್‌ಗೆ ಕ್ಲಾಂಪ್ ಹಾಕಿಕೊಳ್ಳಿ.

ಒಂದು ಬೆಂಚು, ಒಂದು ಎನ್‌ಕೋಡರ್, ಜೊತೆಗೆ ಅನಲಾಗ್ ಸಿಗ್ನಲ್ ಅಂದ್ರೆ ಧೈರ್ಯವಾಗಿ ತಗೊಳ್ಳಿ, ನಾನು ಇನ್ನೊಂದು ಬೆಂಚಿಗೂ ಇದನ್ನೇ ಹೇಳಿದ್ದೇನೆ. ಕೌಂಟರ್ ಇರೋದು ಎರಡೇ. ಮೂರು ಶಾಫ್ಟ್ ಒಟ್ಟಿಗೆ ಅಳೆಯಬೇಕಾದವರು ನಾಲ್ಕು ಕೌಂಟರಿನ ಮಾದರಿಗೆ ಹೋಗಿ.