ಒಂದೇ ಟ್ರೇಲ್, ಮೂರು ಸವಾರಿ: ಕಾಲ್ನಡಿಗೆ, ಸೈಕಲ್, ಕುದುರೆ

ಗುಡ್ಡ, ಕಾಡು, ಹಳ್ಳ ಎಲ್ಲವನ್ನೂ ದಾಟುವ ಒಂದೇ ಟ್ರೇಲನ್ನು ನಾನು ನಡೆದೂ ನೋಡಿದ್ದೇನೆ, ಮೌಂಟನ್ ಬೈಕಿನಲ್ಲೂ ಸುತ್ತಿದ್ದೇನೆ, ಕುದುರೆ ಮೇಲೂ ಹೋಗಿದ್ದೇನೆ. ಯಾವುದು ಬೇಗ, ಯಾವುದರಲ್ಲಿ ಸುಸ್ತು ಜಾಸ್ತಿ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಕಂಡ ದೊಡ್ಡ ವ್ಯತ್ಯಾಸ ಮಾತ್ರ ಬೇರೆ. ದಾರಿಯುದ್ದಕ್ಕೂ ನಮ್ಮ ಕಣ್ಣು ಎಲ್ಲಿರುತ್ತದೆ ಅನ್ನುವುದು.

ಮೊದಲು ನಡಿಗೆ. ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕೂತು ಸುಧಾರಿಸಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ. ಕಲ್ಲಿನ ಏರಿನಲ್ಲಿ ಕಣ್ಣು ಪಾದದ ಮೇಲೇ ಇರುತ್ತದೆ, ನಿಜ. ಆದರೆ ಬೇಕೆಂದಲ್ಲಿ ನಿಲ್ಲಬಹುದು. ನಿಲ್ಲುವುದಕ್ಕೆ ಬ್ರೇಕ್ ಬೇಡ, ಲಗಾಮು ಬೇಡ. ಹಕ್ಕಿ ಕೂಗಿತು, ನಿಂತೆವು, ಅಷ್ಟೇ. ಬಿದ್ದ ಮರ, ಬಂಡೆಯ ಮೆಟ್ಟಿಲು, ಕಿರಿದಾದ ಅಂಚು ಯಾವುದೂ ಅಡ್ಡಿಯಲ್ಲ. ಇಳಿಯುವಾಗ ಮಂಡಿ ನೋಯುತ್ತದೆ. ಅದಕ್ಕೆ ಎರಡು ಕೋಲು ಹಿಡಿದರೆ ಆಯಿತು.

ಸೈಕಲ್ಲಿನ ಸುಖ ಅಗಲವಾದ ಮಣ್ಣಿನ ದಾರಿಯಲ್ಲಿದೆ. ಅಲ್ಲಿ ನಡೆಯುವವರ ಅರ್ಧ ದಿನದ ದಾರಿ ಬೆಳಗಿನ ಹೊತ್ತಿಗೇ ಮುಗಿದಿರುತ್ತದೆ. ಕಡಿದಾದ ಕಿರುದಾರಿಗೆ ಬಂದರೆ ಕಥೆ ಉಲ್ಟಾ: ಸೈಕಲ್ ತಳ್ಳಿಕೊಂಡು ಹೋಗಬೇಕು, ನಡೆಯುವವರು ಪಕ್ಕದಿಂದ ನಗುತ್ತಾ ದಾಟಿ ಹೋಗುತ್ತಾರೆ. ಇಳಿಜಾರಿನಲ್ಲಿ ಮಜಾ ಇದೆ, ಆದರೆ ಸುತ್ತಲಿನ ನೋಟ ಸಿಗುವುದಿಲ್ಲ. ಕಣ್ಣು ಹೋದ ಕಡೆಗೇ ಚಕ್ರವೂ ಹೋಗುತ್ತದೆ. ಕಲ್ಲನ್ನೇ ದಿಟ್ಟಿಸಿದರೆ ಕಲ್ಲಿಗೇ ಹೊಡೆಯುತ್ತೀರಿ. ಹಾಗಾಗಿ ಇಡೀ ದಾರಿ ನೆನಪಿನಲ್ಲಿ ಉಳಿಯುವುದು ಬೇರು, ಜಲ್ಲಿ, ತಿರುವುಗಳಾಗಿ ಮಾತ್ರ. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಪಂಕ್ಚರ್. ಪಂಪು, ಬದಲಿ ಟ್ಯೂಬು, ಹೆಲ್ಮೆಟ್ ಇಲ್ಲದೆ ಹೊರಡಲೇಬೇಡಿ.

ಕುದುರೆಯ ವಿಷಯದಲ್ಲಿ ಜನರ ಕಲ್ಪನೆಯೇ ಬೇರೆ. ನಾಗಾಲೋಟ ಅಂದುಕೊಂಡು ಬರುತ್ತಾರೆ. ಟ್ರೇಲ್ ಸವಾರಿ ಬಹುಪಾಲು ಕುದುರೆಯ ನಡಿಗೆಯಲ್ಲೇ ಸಾಗುತ್ತದೆ, ಗಂಟೆಗೆ ಸುಮಾರು 6 ಕಿ.ಮೀ. ಅಂದರೆ ಚುರುಕಾಗಿ ನಡೆಯುವ ಮನುಷ್ಯನಿಗಿಂತ ಒಂದಿಷ್ಟು ಬೇಗ, ಅಷ್ಟೇ. ಹಾಗಾದರೆ ಯಾಕೆ ಹೋಗಬೇಕು? ಕಣ್ಣಿಗಾಗಿ. ಹೆಜ್ಜೆ ಎಲ್ಲಿಡಬೇಕು ಅನ್ನುವ ಕೆಲಸವನ್ನು ಕುದುರೆ ವಹಿಸಿಕೊಂಡಿರುತ್ತದೆ. ನೀವು ಪೊದೆಗಳಿಗಿಂತ ಮೇಲೆ ಕೂತು ಕಣಿವೆಯನ್ನೆಲ್ಲ ನೋಡುತ್ತಾ ಹೋಗಬಹುದು. ಮೊಣಕಾಲು ಮುಳುಗುವ ಹಳ್ಳವನ್ನೂ ಶೂ ಒದ್ದೆಯಾಗದೆ ದಾಟಬಹುದು. ಇನ್ನೊಂದು ಲಾಭ ಅದರ ಕಿವಿ. ಪೊದೆಯಲ್ಲಿ ಏನೋ ಅಲುಗಿದರೆ ಕುದುರೆಯ ಕಿವಿ ಮೊದಲು ಅತ್ತ ತಿರುಗುತ್ತದೆ, ನಾವು ಆಮೇಲೆ ನೋಡುತ್ತೇವೆ.

ಕಷ್ಟಗಳೂ ಇವೆ. ಸುಮ್ನೆ ಕೂತಿರುವುದು ತಾನೇ ಅಂದುಕೊಂಡವರಿಗೆ ಮರುದಿನ ತೊಡೆಯ ಒಳಭಾಗ ಉತ್ತರ ಹೇಳುತ್ತದೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಅನ್ನುವುದು ರೂಢಿಯ ಲೆಕ್ಕ. ದಿನಕ್ಕೆ 25 ಲೀಟರಿಗೂ ಜಾಸ್ತಿ ನೀರು ಕುಡಿಯುವ ಪ್ರಾಣಿ ಅದು, ಆದ್ದರಿಂದ ದಾರಿಯಲ್ಲಿ ನೀರಿದೆಯಾ ಅಂತ ಮೊದಲೇ ನೋಡಬೇಕು. ಜೊತೆಗೆ ಅದಕ್ಕೂ ಒಂದು ಮನಸ್ಸಿದೆ, ಅಲ್ವಾ? ನೀವು ನಿಲ್ಲಬೇಕೆಂದಾಗ ಅದು ನಡೆಯುತ್ತದೆ, ನಡೆಯಬೇಕೆಂದಾಗ ಹುಲ್ಲು ಮೇಯುತ್ತದೆ.

ಮೂವರೂ ಒಂದೇ ದಾರಿಯಲ್ಲಿ ಎದುರಾದಾಗ ಹೆಚ್ಚಿನ ಕಡೆ ಪಾಲಿಸುವ ಕ್ರಮ ಸರಳ. ಸೈಕಲ್ಲಿನವರು ಇಬ್ಬರಿಗೂ ದಾರಿ ಬಿಡಬೇಕು, ನಡೆಯುವವರು ಕುದುರೆಗೆ ಬಿಡಬೇಕು. ಕಾರಣವಿದೆ. ಕುದುರೆಗೆ ಸುತ್ತ ಹೆಚ್ಚುಕಡಿಮೆ ಎಲ್ಲ ಕಡೆ ಕಾಣುತ್ತದೆ, ನೇರ ಹಿಂದೆ ಮತ್ತು ಮೂಗಿನ ಎದುರಿಗೇ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ಸದ್ದಿಲ್ಲದೆ ಹಿಂದಿನಿಂದ ಬರುವ ಸೈಕಲ್ ಅಂದರೆ ಅದಕ್ಕೆ ಬೇಟೆಗೆ ಬಂದ ಪ್ರಾಣಿಯೇ. ದೂರದಿಂದಲೇ ಮಾತಾಡಿಸಿ, ಇಳಿಜಾರಿನ ಬದಿಗೆ ಸರಿದು ನಿಲ್ಲಿ.

ದಾರಿ ಕೆಡಿಸುವವರು ಸೈಕಲ್ಲಿನವರು ಅನ್ನುವ ದೂರು ಸಾಮಾನ್ಯ. ಆದರೆ ಅಮೆರಿಕದ ಮೊಂಟಾನಾದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಣ್ಣನ್ನು ಹೆಚ್ಚು ಸಡಿಲಿಸಿದ್ದು ಗೊರಸು ಮತ್ತು ಪಾದಗಳು, ಚಕ್ರಗಳಲ್ಲ. ಕುದುರೆಯೇ ಎಲ್ಲಕ್ಕಿಂತ ಮುಂದಿತ್ತು.

ನನ್ನ ಆಯ್ಕೆ ಕೇಳಿದರೆ, ಹೊಸ ಟ್ರೇಲ್ ಆದರೆ ಮೊದಲ ಸಲ ನಡೆದೇ ಹೋಗುತ್ತೇನೆ. ಉದ್ದದ, ಒಣಗಿದ, ಅಷ್ಟೇನೂ ಕಡಿದಲ್ಲದ ದಾರಿಗೆ ಸೈಕಲ್. ಹಳ್ಳ, ಹುಲ್ಲುಗಾವಲು ಜಾಸ್ತಿ ಇದ್ದು, ಕುದುರೆ ಬಲ್ಲವರು ಜೊತೆಗಿದ್ದರೆ ಕುದುರೆ. ಮಳೆ ಬಿದ್ದ ಮರುದಿನ ಸೈಕಲ್ಲೂ ಬೇಡ, ಕುದುರೆಯೂ ಬೇಡ. ನಡೆದು ಹೋದರೂ ಕೆಸರಿನ ನಡುವೆಯೇ ಹೋಗುತ್ತೇನೆ, ಪಕ್ಕದ ಹುಲ್ಲು ತುಳಿಯುವುದಿಲ್ಲ. ಎಲ್ಲರೂ ಪಕ್ಕಕ್ಕೆ ಸರಿದರೆ ಕಾಲುದಾರಿ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋಗುತ್ತದೆ.