ಬಾಗು ಸೂರು ಮಾಡಿಸುವ ಮುನ್ನ ಇದನ್ನೊಮ್ಮೆ ಓದಿ

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಕಡೆ. ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಹೊಡೆಯುವ ಜಾಗ. ಇಲ್ಲಿ ಕಟ್ಟಿದ ಹೊಸ ಮನೆಗೆ, ತುದಿಯಲ್ಲಿ ಮೆಲ್ಲಗೆ ಮೇಲಕ್ಕೆ ಬಾಗುವ ಸೂರು ಬೇಕೆಂದು ಕೇಳಿದವನು ನಾನೇ. ಗುತ್ತಿಗೆದಾರರು "ಮಾಡುವ, ಏನೂ ತೊಂದ್ರೆ ಇಲ್ಲ" ಅಂದರು. ಮೊದಲ ಮಳೆಗಾಲದಲ್ಲೇ ಚಾವಡಿಯ ಗೋಡೆಗುಂಟ ನೀರಿಳಿಯಿತು.

ಮೇಲಿನ ಮಾಡಿನ (ಚಾವಣಿಯ) ಇಳಿಜಾರು ಅಡಿಗೆ 7 ಇಂಚು, ಅಂದರೆ ಅಡ್ಡಕ್ಕೆ ಒಂದು ಅಡಿ ಹೋದರೆ 7 ಇಂಚು ಇಳಿತ. ಬಾಗು ಎದ್ದು ಕಾಣಲೆಂದು, ಗೋಡೆಯಿಂದ ಹೊರಗಿನ ಎರಡೂವರೆ ಅಡಿಯಲ್ಲಿ ಅದನ್ನು ಅಡಿಗೆ 2.5 ಇಂಚಿಗೆ ಇಳಿಸಿದ್ದರು. ಇಡೀ ಮಾಡಿನ ನೀರು ಬಂದು ಸೇರುವುದು ಅಲ್ಲಿಗೇ. ಅಲ್ಲೇ ಅದರ ಓಟ ನಿಧಾನವಾದರೆ ಹಿಂದೆ ಕಟ್ಟಿಕೊಳ್ಳುತ್ತದೆ, ಗಾಳಿ ಬಂತೆಂದರೆ ಹಂಚಿನ ಸಂದಿಯಲ್ಲಿ ಒಳಗೆ ನುಗ್ಗುತ್ತದೆ. ಇಳಿಜಾರು ಥಟ್ಟನೆ ಮುರಿದ ಸಾಲಿನಲ್ಲಂತೂ ಮಂಗಳೂರು ಹಂಚು ಒಂದರ ಮೇಲೊಂದು ಕೂರಲೇ ಇಲ್ಲ; ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಆ ಸಾಲು ಇದ್ದದ್ದು ಸರಿಯಾಗಿ ಗೋಡೆಯ ನೆತ್ತಿಯ ಮೇಲೆ. ಸಿಮೆಂಟು ಮೆತ್ತಿದರು, ಬೇಸಿಗೆಯಲ್ಲಿ ಬಿರಿದು ಉದುರಿತು.

ನನಗೆ ನಿಜವಾಗಿ ಹೆದರಿಕೆಯಾದದ್ದು ಹಂಚು ತೆಗೆಸಿದ ದಿನ. ಪಕ್ಕಾಸುಗಳನ್ನು, ಅಂದರೆ ಮಾಡನ್ನು ಹೊರುವ ಇಳಿಜಾರಿನ ಮರಗಳನ್ನು, ಗೋಡೆಯ ಬಳಿಯೇ ಕೊಯ್ದು, ಸೂರಿಗೆ ಬಾಗು ಕೊಡುವ ಮರದ ತುಂಡುಗಳನ್ನು ಅವುಗಳ ತುದಿಗೆ ಎರಡೆರಡು ಮೊಳೆ ಹೊಡೆದು ನಿಲ್ಲಿಸಿದ್ದರು. ಹಂಚಿನ ಭಾರವೆಲ್ಲ ಆ ಮೊಳೆಗಳ ಮೇಲೆ. ನೀರು ಕುಡಿದ ಮರ ಜೋಡಣೆಯಲ್ಲಿ ಮೆತ್ತಗಾಗಿತ್ತು, ಉಗುರಿಗೆ ಏಳುತ್ತಿತ್ತು. ಅದರ ಕೆಳಗೇ ಮಕ್ಕಳು ಎರಡು ವರ್ಷ ಆಡಿದ್ದಾರೆ.

ಈಗ ಗೋಡೆಯಾಚೆಗೂ ಚಾಚುವ ಅಖಂಡ ಪಕ್ಕಾಸು ಹಾಕಿಸಿದ್ದೇವೆ. ಬಾಗಿನ ತುಂಡು ಗೋಡೆಯಿಂದ 4 ಅಡಿ ಒಳಗೇ ಶುರುವಾಗಿ ಪಕ್ಕಾಸಿನ ಬೆನ್ನ ಮೇಲೆ ಮಲಗಿದೆ, ಬೋಲ್ಟಿನಿಂದ ಬಿಗಿದಿದೆ. ತುದಿಯಲ್ಲೂ ಅಡಿಗೆ 5.5 ಇಂಚು ಇಳಿಜಾರಿದೆ. ಬಾಗು ಮೊದಲಿನಷ್ಟು ಕಾಣುವುದಿಲ್ಲ, ಆದರೆ ಹೋದ ಮಳೆಗಾಲದಲ್ಲಿ ಹನಿ ಸೋರಲಿಲ್ಲ.

ಬಾಗು ಚೆನ್ನಾಗಿಯೇ ಕಾಣಬೇಕೆಂದರೆ ಮೇಲಿನ ಮಾಡನ್ನು ಇನ್ನೂ ಕಡಿದಾಗಿಸಿ, ಅಡಿಗೆ 9-10 ಇಂಚಿನಷ್ಟು. ಕೆಳಗಿನದನ್ನು ಚಪ್ಪಟೆ ಮಾಡಲು ಯಾರನ್ನೂ ಬಿಡಬೇಡಿ. ಇದು ನಕ್ಷೆಯಲ್ಲೇ ಆಗಬೇಕಾದ ತೀರ್ಮಾನ, ಗೋಡೆ ಎದ್ದ ಮೇಲೆ ಕಷ್ಟ. ಎರಡು ಸೂರು ಕೂಡುವ ಮೂಲೆಗಳಲ್ಲಿ ಇಳಿಜಾರು ಇನ್ನೂ ಕಡಿಮೆಯಾಗುತ್ತದೆ, ಅಲ್ಲಿ ಬೇರೆಯಾಗಿ ಅಳೆಸಿ. ಹಂಚು ಏರಿಸುವ ಮೊದಲು ಏಣಿ ಹತ್ತಿ, ಪ್ರತಿ ತುಂಡೂ ಪಕ್ಕಾಸಿನ ಮೇಲೆ ಎಷ್ಟು ಅಡಿ ಒಳಗೆ ಹೋಗಿದೆ ಎಂದು ನೀವೇ ಟೇಪು ಹಿಡಿದು ನೋಡಿ.